ಬೆಟ್ಟದ ಮೇಲೊಂದು ಅಭ್ಯಾಸದ ಮನೆ

ಪ್ರಶ್ನೆ: ಮೇಡಂ, ನನಗೆ 36 ವರ್ಷ. 14 ವರ್ಷದಿಂದ ಜೂಡೊದಲ್ಲಿದ್ದೇನೆ, ಈಗ ಕಲಿಸುತ್ತೇನೆ ಕೂಡ. ಏಳು ವರ್ಷದಿಂದ ಧ್ಯಾನದ ಅಭ್ಯಾಸವೂ ಇದೆ. ಬೆಟ್ಟದಲ್ಲಿ ಜಾಗ ಕೊಂಡು ಎರಡನ್ನೂ ಒಟ್ಟಿಗೆ ಕಲಿಸುವ ಕೇಂದ್ರ ಕಟ್ಟಬೇಕೆಂಬ ಆಸೆ. ಇಬ್ಬರು ಗೆಳೆಯರು ಹಣ ಹಾಕಲು ತಯಾರಿದ್ದಾರೆ. ಒಂದು ದೊಡ್ಡ ಹಾಲ್, 20 ಜನ ಉಳಿಯಲು ಕೋಣೆಗಳು, 10 ದಿನದ ಮೌನ ಶಿಬಿರಗಳು ಅಂತ ಯೋಚಿಸಿದ್ದೇವೆ. ನೀವು 17 ವರ್ಷದಿಂದ ಇಂಥದ್ದೇ ಕೇಂದ್ರ ನಡೆಸುತ್ತಿದ್ದೀರಿ. ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಆದರೆ ಹಾಲ್‌ನ ನಕ್ಷೆಯನ್ನು ಒಂದು ವರ್ಷ ಪಕ್ಕಕ್ಕಿಡಿ. ಕೊಳ್ಳುವ ಮುಂಚೆ ಆ ಜಾಗವನ್ನು ಜೋರು ಮಳೆಯಲ್ಲೂ ನೋಡಿ, ಒಣ ತಿಂಗಳಲ್ಲೂ ನೋಡಿ. ನಾನು ಹೋಗಿದ್ದು ಮಳೆ ಆಗಷ್ಟೇ ಮುಗಿದಾಗ. ತೊರೆ ತುಂಬಿ ಹರಿಯುತ್ತಿತ್ತು. ಆ ಸದ್ದಿಗೆ ಮನಸೋತು ಅವತ್ತೇ ಮುಂಗಡ ಕೊಟ್ಟೆ. ಐದು ತಿಂಗಳಾದ ಮೇಲೆ ಅಲ್ಲಿ ಉಳಿದಿದ್ದು ಬರೀ ಕಲ್ಲು. ಮೊದಲ ಶಿಬಿರಕ್ಕೆ ಬಂದಿದ್ದ 11 ಜನರನ್ನು ನಾಲ್ಕನೇ ದಿನ ಮನೆಗೆ ಕಳಿಸಬೇಕಾಯಿತು. ಆ ಬೇಜಾರು ನನಗೆ ಇನ್ನೂ ಹೋಗಿಲ್ಲ.

ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಎಲ್ಲಾ ಸೇರಿ ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ನೀರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಾ ಬೆವರು ಹರಿಸುವ ಜಾಗದಲ್ಲಿ 75ಕ್ಕಿಂತ ಕಡಿಮೆ ಹಿಡಿಯಬೇಡಿ. ಶಿಬಿರಕ್ಕೆ ಬಂದ 20 ಜನ, ನೀವು ಮೂವರು, ಅಡುಗೆಯವರು ಒಬ್ಬರು. ದಿನಕ್ಕೆ 1,800 ಲೀಟರ್ ಆಯಿತು. ಕಡು ಬೇಸಿಗೆಯಲ್ಲಿ ಒರತೆಯ ಕೆಳಗೆ 20 ಲೀಟರಿನ ಕ್ಯಾನ್ ಇಟ್ಟು ಗಡಿಯಾರ ನೋಡಿ. ಕಾಲು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 1,920 ಲೀಟರ್. ರಾತ್ರಿ ಬಂದ ನೀರನ್ನೂ ಹಿಡಿದಿಡುವ ಟ್ಯಾಂಕ್ ಇದ್ದರೆ ಹೇಗೋ ಸಾಗುತ್ತದೆ. ಅರ್ಧ ಗಂಟೆ ಬೇಕಾದರೆ 8 ಜನರಿಗಷ್ಟೇ ಕೋಣೆ ಕಟ್ಟಿ. ಎಷ್ಟು ಜನ ಅನ್ನುವುದನ್ನು ಆ ಕ್ಯಾನ್ ಹೇಳಲಿ, ಗೆಳೆಯರು ಹಾಕುವ ಹಣ ಹೇಳುವುದು ಬೇಡ.

ಹಾಲ್ ದೊಡ್ಡದಾಗಬೇಕಿಲ್ಲ. ಜಿಗೊರೊ ಕಾನೊ 1882ರಲ್ಲಿ ನಿಮ್ಮ ಜೂಡೊವನ್ನು ಟೋಕಿಯೊದ ಒಂದು ಬೌದ್ಧ ದೇಗುಲದಲ್ಲಿ ಶುರು ಮಾಡಿದಾಗ ಇದ್ದದ್ದು 12 ಚಾಪೆಯಷ್ಟು ಜಾಗ, ಹೆಚ್ಚುಕಡಿಮೆ 20 ಚದರ ಮೀಟರ್. ಕೇರಳದ ಸಮರಕಲೆ ಕಳರಿಪಯಟ್ಟು ಕಲಿಸುವ ಕಳರಿಯ ಹಳೆಯ ಅಳತೆ 42 ಅಡಿ ಉದ್ದ, 21 ಅಡಿ ಅಗಲ. ಅದರ ನೆಲ ಹದ ಮಾಡಿದ ಮಣ್ಣು. ನೆಲಕ್ಕೆ ಮಾತ್ರ ಧಾರಾಳವಾಗಿ ಖರ್ಚು ಮಾಡಿ. ಸಿಮೆಂಟಿನ ಮೇಲೆ ತೆಳು ಚಾಪೆ ಹಾಸಿ ಜನರನ್ನು ಬೀಳಿಸಬೇಡಿ. ಅದರ ಪೆಟ್ಟು ಮಂಡಿಗೂ ಬೆನ್ನಿಗೂ ಗೊತ್ತಾಗುವುದು ವರ್ಷಗಳಾದ ಮೇಲೆ.

ಇನ್ನೊಂದು ವಿಷಯ. ಕಾನೊ ಅವರ ಶಿಷ್ಯರು ಬೀಳುವ ರಭಸಕ್ಕೆ ಆ ದೇಗುಲದ ನೆಲವೇ ಅಲುಗಾಡುತ್ತಿತ್ತಂತೆ. ನಿಮ್ಮಲ್ಲೂ ಹಾಗೇ ಆಗುತ್ತದೆ. ಧ್ಯಾನದ ಕೋಣೆಯನ್ನು ಅಭ್ಯಾಸದ ಹಾಲ್‌ನಿಂದ ದೂರ ಕಟ್ಟಿ. ಒಂದರ ಸದ್ದು ಇನ್ನೊಂದಕ್ಕೆ ಕೇಳಬಾರದು. ಎರಡನ್ನೂ ಒಂದೇ ವರ್ಷ ಶುರು ಮಾಡಬೇಕು ಅಂತಲೂ ಇಲ್ಲ. ಕಾದಾಟದ ಕಲೆಗೆ ಹೆಸರಾದ ಚೀನಾದ ಶಾವೊಲಿನ್ ಬೌದ್ಧ ಮಠ ಸೊಂಗ್ ಬೆಟ್ಟದಲ್ಲಿ ನೆಲೆಯಾಗಿದ್ದು 495ರಲ್ಲಿ. ಅಲ್ಲಿನ ಭಿಕ್ಷುಗಳು ಕಾದಾಡಿದ ದಾಖಲೆ ಸಿಗುವುದು ಏಳನೇ ಶತಮಾನದಲ್ಲಿ. ನಿಮಗೆ ಅಷ್ಟು ಕಾಲ ಬೇಡ, ಎರಡು ವರ್ಷ ಸಾಕು. ಮೊದಲು ಬೇರೆಯವರ ಜಾಗ ಬಾಡಿಗೆಗೆ ಹಿಡಿದು, ಆರೇಳು ಜನರ ಜೊತೆ ಮೂರು ದಿನದ ಶಿಬಿರಗಳನ್ನು ಮಾಡಿ ನೋಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೀವು ಬರೆದ ಮೌನ ಶಿಬಿರದ ಬಗ್ಗೆ. ನಮ್ಮ ಆರನೇ ವರ್ಷ ಒಂದು ಮೌನ ಶಿಬಿರದಲ್ಲಿ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಬೀಳುವುದನ್ನು ಕಲಿಯುತ್ತಿದ್ದಾಗ ಕೈ ಊರಿದಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಊದಿದ ಕೈಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ಧ್ಯಾನಕ್ಕೆ ಕೂತಳು. ಯಾಕಮ್ಮ ಅಂತ ಕೇಳಿದರೆ, "ಮೌನ ಮುರಿದ ಹಾಗಾಗುತ್ತೆ ಅಂದುಕೊಂಡೆ" ಅಂದಳು. ನಾನು ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ. ಅವಳಿಗೆ ಹಾಗೆ ಅನ್ನಿಸುವಂತೆ ಹೇಳಿಕೊಟ್ಟವಳು ನಾನೇ ಅಲ್ವಾ?

ಯೋಚಿಸಿ ನೋಡಿ. ನೀವು ಧ್ಯಾನದ ಗುರು. ಶಿಬಿರಕ್ಕೆ ಬಂದವರನ್ನು ಎತ್ತಿ ಹಾಕಬಲ್ಲವರೂ ನೀವೇ. ಅವರು ಇರುವುದು ಊರಿನಿಂದ ದೂರ, ಫೋನ್ ಇಲ್ಲ, ಮಾತಿಲ್ಲ. ಅಂಥ ಕಡೆ "ಸಾಕು" ಅನ್ನುವುದಕ್ಕೆ ಎಷ್ಟು ಧೈರ್ಯ ಬೇಕು! ಜೂಡೊದಲ್ಲಿ ಅಂಗೈಯಿಂದ ಎರಡು ಸಲ ತಟ್ಟಿದರೆ ಎದುರಾಳಿ ಹಿಡಿತ ಬಿಡಲೇಬೇಕು. ಆ ನಿಯಮವನ್ನು ನಾವು ಇಡೀ ಕೇಂದ್ರಕ್ಕೆ ತಂದೆವು. ಊಟದ ಮನೆ, ಧ್ಯಾನದ ಕೋಣೆ, ಎಲ್ಲಿ ತಟ್ಟಿದರೂ ಒಬ್ಬರು ಎದ್ದು ಹೋಗಿ ಏನಾಯಿತು ಅಂತ ಕೇಳುತ್ತೇವೆ. ನೋವಿಗೆ, ಭಯಕ್ಕೆ ಮೌನದ ನಿಯಮ ಇಲ್ಲ ಅಂತ ಮೊದಲ ದಿನವೇ ಜೋರಾಗಿ ಹೇಳುತ್ತೇವೆ. ಫೋನ್ ಇಟ್ಟ ಪೆಟ್ಟಿಗೆಗೆ ಬೀಗ ಹಾಕುವುದಿಲ್ಲ. ಹೊರಡುತ್ತೇನೆ ಅಂದವರನ್ನು ಕಾರಣ ಕೇಳದೆ ಬಸ್ಸಿನವರೆಗೆ ಬಿಟ್ಟು ಬರುತ್ತೇವೆ, ಉಳಿದ ದಿನಗಳ ಹಣ ವಾಪಸ್ ಕೊಡುತ್ತೇವೆ. ನಮ್ಮ ಮೇಲೆ ದೂರಿದ್ದರೆ ಹೇಳಿಕೊಳ್ಳಲು ಕೇಂದ್ರಕ್ಕೆ ಸೇರದ ಒಬ್ಬ ವಕೀಲೆಯ ನಂಬರ್ ಗೋಡೆಯ ಮೇಲಿದೆ. ನಿಮ್ಮ ಕೇಂದ್ರದಲ್ಲಿ ಇದನ್ನು ಮಾಡುವವರು ಯಾರು ಅಂತ ಗೆಳೆಯರ ಜೊತೆ ಕೂತು ಬರೆದಿಡಿ. ಅದಾದ ಮೇಲೆ ಜಾಗ ಹುಡುಕಿ.

ಪ್ರಶ್ನೆ: ನಮ್ಮ ಗುರುಗಳು 2,800 ಮೀಟರ್ ಎತ್ತರದಲ್ಲಿ ಶಿಬಿರ ನಡೆಸುತ್ತಾರೆ. ತಲುಪಿದ ಮರುದಿನವೇ ಓಟ, ಪ್ರಾಣಾಯಾಮ, ಕೋಲಿನ ಅಭ್ಯಾಸ. ಕಳೆದ ಸಲ ನನಗೆ ತಲೆ ಸಿಡಿದು ಹೋಗುವಷ್ಟು ನೋವಿತ್ತು. "ಮನಸ್ಸು ಗಟ್ಟಿ ಮಾಡಿಕೋ" ಅಂದರು. ಮತ್ತೆ ಹೋಗಲೇ?

ಉತ್ತರ: 2,500 ಮೀಟರಿನ ಹೊತ್ತಿಗೆ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ಇರುತ್ತದೆ. ಮನಸ್ಸು ಎಷ್ಟೇ ಗಟ್ಟಿ ಇದ್ದರೂ ದೇಹ ಇದಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು. ಮೊದಲ ಎರಡು ದಿನ ನಿಧಾನವಾದ ನಡಿಗೆ, ಸುಮ್ನೆ ಕೂರುವುದು, ಚೆನ್ನಾಗಿ ನೀರು ಕುಡಿಯುವುದು ಇಷ್ಟೇ ಇರಲಿ. ಉಸಿರು ಬಿಗಿಹಿಡಿಯುವ ಪ್ರಾಣಾಯಾಮ ಬೇಡ. ದಾರಿಯಲ್ಲಿ ಕೆಳಗಿನ ಊರಲ್ಲಿ ಒಂದು ರಾತ್ರಿ ಉಳಿದು ಹತ್ತಿದರೆ ಇನ್ನೂ ಒಳ್ಳೆಯದು. ಗುರುಗಳು ಇದಕ್ಕೆ ಒಪ್ಪಿದರೆ ಖಂಡಿತ ಹೋಗಿ, ಇಲ್ಲವಾದರೆ ಈ ಸಲ ಬಿಡಿ. ತಲೆನೋವಿನ ಜೊತೆ ವಾಂತಿ ಬಂದರೆ ಮೇಲೆ ಹತ್ತಬಾರದು. ನಡೆಯುವಾಗ ಹೆಜ್ಜೆ ತಪ್ಪಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯದೆ ಅಂಥವರನ್ನು ಆಗಿಂದಾಗಲೇ ಕೆಳಗಿಳಿಸಿ ವೈದ್ಯರಿಗೆ ತೋರಿಸಬೇಕು.