ಆಪ್ತಸಲಹೆ ಪ್ರಕರಣ: ಬರ್ಲಿನ್‌ನಿಂದ ಬಂದ ಮಗ, ಬೈಸಿಕೊಂಡ ವಾಚ್‌ಮನ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 26. ಬರ್ಲಿನ್‌ನಲ್ಲಿ ಎಂ.ಎಸ್. ಮುಗಿಸಿ ರಾಜಾಜಿನಗರದ ಮನೆಗೆ ವಾಪಸ್ ಬಂದಿದ್ದಾನೆ. ಕೆಲಸವೂ ಸಿಕ್ಕಿದೆ. ಆದರೆ ಮನೆಯಲ್ಲಿ ದಿನಾ ಜಗಳ. ಹಾರ್ನ್ ಕೇಳಿದರೆ ಸಿಟ್ಟು, ಹಸಿ ಕಸ ಒಣ ಕಸ ಬೆರೆತರೆ ಸಿಟ್ಟು, ನೆಂಟರು ಫೋನ್ ಮಾಡದೆ ಬಂದರೂ ಸಿಟ್ಟು. "ಕಳಿಸಿದ್ದೇ ತಪ್ಪಾಯ್ತೇನೋ ಮೇಡಂ" ಅಂದರು ಅಪ್ಪ.

ದೊಡ್ಡ ಜಗಳ ಆಗಿದ್ದು ಅಪಾರ್ಟ್‌ಮೆಂಟಿನ ವಾಚ್‌ಮನ್ ವಿಷಯಕ್ಕೆ. ಒಡಿಶಾದವನು, ಹೊಸಬ. ಪಾರ್ಸೆಲ್ ಬಂದಿದೆ ಅಂತ ಹಿಂದಿಯಲ್ಲಿ ಹೇಳಿದ. ಅಪ್ಪ ರೇಗಿದರು, "ಈ ಊರಿನ ಅನ್ನ ತಿಂತೀಯ, ಕನ್ನಡ ಕಲಿಯೋಕಾಗಲ್ವಾ?" ಮಗ ಎಲ್ಲರೆದುರೇ ಅಪ್ಪನ ಬಾಯಿ ಮುಚ್ಚಿಸಿದ. ಮನೆಗೆ ಬಂದ ಮೇಲೆ ಅಪ್ಪ ಕೇಳಿದರು: "ನೀನು ಅಲ್ಲಿ ಜರ್ಮನ್ ಕಲಿತೆ ತಾನೆ? ಇವನ್ಯಾಕೆ ಕಲೀಬಾರ್ದು?" ಒಳ್ಳೆಯ ಪ್ರಶ್ನೆಯೇ. ಮಗ ಉತ್ತರ ಕೊಡದೆ ರೂಮಿನ ಬಾಗಿಲು ಹಾಕಿಕೊಂಡ.

ನನ್ನ ಹತ್ತಿರ ಒಬ್ಬನೇ ಕೂತಾಗ ಬಾಯಿಬಿಟ್ಟ. ವೀಸಾ ಕಚೇರಿಯ ಅಧಿಕಾರಿ ಜರ್ಮನ್ ಬಿಟ್ಟು ಬೇರೆ ಮಾತೇ ಆಡಲಿಲ್ಲವಂತೆ. ಇವನು ಆ ಚಳಿಯಲ್ಲೂ ಬೆವತು, ಫೈಲ್ ಹಿಡಿದು ನಿಂತಿದ್ದ. ಜೊತೆಗೆ ಬಂದಿದ್ದ ಸಿರಿಯಾದ ರೂಮ್‌ಮೇಟ್ ತನ್ನ ಅರೆಬರೆ ಜರ್ಮನ್‌ನಲ್ಲೇ ಮಾತಾಡಿ ಕೆಲಸ ಮಾಡಿಸಿಕೊಟ್ಟ. 2015ರಲ್ಲಿ ಸುಮಾರು 8.9 ಲಕ್ಷ ಜನ ಆಶ್ರಯ ಕೇಳಿ ಜರ್ಮನಿಗೆ ಬಂದರು ಅಂತ ಇವನು ಓದಿದ್ದ. ಅವರಲ್ಲೊಬ್ಬ ತನ್ನ ಜೊತೆ ಕೂತು ಬೇಳೆ ಸಾರು ಉಣ್ಣುತ್ತಾನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲು, ಆಮೇಲೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಇದ್ಯಾವುದನ್ನೂ ಮನೆಯಲ್ಲಿ ಹೇಳಿಲ್ಲ. ಕಳಿಸಿದ್ದು ಬರೀ ಹಿಮದ ಫೋಟೊ.

ಮಗ ಬದಲಾದದ್ದು ಅಪ್ಪ ಅಮ್ಮನಿಗೆ ಕಾಣುತ್ತೆ. ಯಾಕೆ ಅಂತ ಗೊತ್ತಾಗೋದು ಹೇಗೆ? ಹೊರದೇಶಕ್ಕೆ ಹೋದಾಗಿನ ತಳಮಳ ವಾಪಸ್ ಬಂದಾಗಲೂ ಇನ್ನೊಂದು ಸುತ್ತು ಬರುತ್ತದೆ ಅಂತ ಅಮೆರಿಕದ ಸಂಶೋಧಕರಾದ ಗಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ಹೋಗುವಾಗ ಎಲ್ಲರೂ ತಯಾರಾಗಿರುತ್ತಾರೆ, ಬರುವಾಗ ಯಾರೂ ಇರಲ್ಲ.

ಹುಡುಗನಿಗೆ ಹೇಳಿದೆ: ಭಾಷಣಕ್ಕೆ ಮೊದಲು ಪಾತ್ರೆ ತೊಳೆದ ಕಥೆ ಹೇಳು. ಅಲ್ಲಿ ಖಾಲಿ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್‌ವರೆಗೆ ಸಿಗುತ್ತೆ, ಬರೀ ಶಿಸ್ತಿಗೆ ಯಾರೂ ಕೊಡಲ್ಲ. ನಮ್ಮ ಕಸ ಎಲ್ಲಿಗೆ ಹೋಗುತ್ತೆ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನವರು ಯಾಕೆ ಪ್ರತಿಭಟನೆ ಮಾಡಿದರು ಗೊತ್ತಾ? ಗೊತ್ತಿರಲಿಲ್ಲ. ಬರ್ಲಿನ್‌ನಲ್ಲಿ ಕಂಡದ್ದಕ್ಕೆಲ್ಲ 'ಯಾಕೆ' ಅಂತಿದ್ದವನು ಇಲ್ಲಿ ಸುಮ್ನೆ ತೀರ್ಪು ಕೊಡ್ತಿದ್ದಾನೆ. ತಿಳಿದುಕೊಳ್ಳುವ ಆ ಹಟ ಊರಿಗೂ ಬೇಕಲ್ವಾ? ನಿದ್ದೆ, ಊಟ ಎರಡು ವಾರವಾದರೂ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಅಂತಲೂ ಹೇಳಿದೆ.

ಅಪ್ಪನಿಗೆ ಹೇಳಿದ್ದು ಬೇರೆ. ಸಂಬಳದ ಮಾತು ಬಿಟ್ಟು ಅಲ್ಲಿನ ಮೊದಲ ಚಳಿಗಾಲ ಹೇಗಿತ್ತು ಅಂತ ಕೇಳಿ. ವಾಚ್‌ಮನ್ ಕನ್ನಡ ಕಲಿಯಬೇಕು, ಸರಿ. ನಿಮ್ಮ ಮಗನಿಗೆ ಕ್ಲಾಸ್ ಇತ್ತು. 12 ಗಂಟೆ ಡ್ಯೂಟಿ ಮಾಡುವವನಿಗೆ ಕಲಿಸೋರು ಯಾರು? ನೀವೇ ದಿನಕ್ಕೆರಡು ಮಾತು ಹೇಳಿಕೊಡಿ. "ನೋಡೋಣ ಬಿಡಿ" ಅಂದರು.

ಮುಂದಿನ ಸಲ ಬಂದಾಗ ಹಾರ್ನ್ ಜಗಳ ಹಾಗೇ ಇತ್ತು. ಪಾತ್ರೆ ತೊಳೆದ ವಿಷಯ ಕೇಳಿ ಅಮ್ಮ ಅತ್ತರಂತೆ. ಅಪ್ಪ ಮಾತ್ರ ಗಂಟೆಗೆ ಎಷ್ಟು ಕೊಡ್ತಿದ್ರು ಅಂತ ಕೇಳಿದರಂತೆ.