‘ಹೊಸ ರೂಲ್ಸ್ ಬರ್ತಿದೆ’ ಅಂತ ಹೆದರಿಸಿದರೆ ಸ್ಟಾಕ್ ಎತ್ತಬೇಡಿ

ತೊಗರಿ ಮಾರಿದ ದುಡ್ಡು ಜನರ ಕೈಗೆ ಬರುವ ಹೊತ್ತಿಗೆ ನೆಟ್‌ವರ್ಕ್ ಮಾರ್ಕೆಟಿಂಗ್ (ಒಬ್ಬರು ಇನ್ನೊಬ್ಬರನ್ನು ಸೇರಿಸುತ್ತ ಕಂಪನಿ ಮಾಲು ಮಾರುವ ವ್ಯಾಪಾರ) ಪ್ರಶ್ನೆಗಳೂ ಜಾಸ್ತಿ ಆಗುತ್ತವೆ. ಕಲಬುರಗಿಯಲ್ಲಿ ಗ್ರಾಹಕರ ಕೇಸು ನಡೆಸುವ ವಕೀಲ ನಾನು. ಅದೇ ಅದೇ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಒಂದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಉಳಿದವು ಒಂದೆರಡು ಸಾಲಿಗೆ ಮುಗಿಯುವಂಥವು.

ಪ್ರಶ್ನೆ: ಬೀದರ್‌ನಲ್ಲಿ ಟೇಲರಿಂಗ್ ಮಾಡುತ್ತೇನೆ. ಜೊತೆಗೆ ಒಂದು ಕಂಪನಿಯ ಸೋಪು, ಪ್ರೋಟೀನ್ ಪೌಡರ್ ಮಾರುತ್ತೇನೆ. ತಿಂಗಳಿಗೆ ಎರಡು-ಮೂರು ಸಾವಿರ ಕಮಿಷನ್ ಬರುತ್ತೆ. ಸರ್ಕಾರ ಹೊಸ ನಿಯಮ ತರುತ್ತಿದೆಯಂತೆ. ಪಾರ್ಟ್‌ಟೈಮ್‌ನವರ ಐಡಿ (ಮೆಂಬರ್ ನಂಬರ್) ಬಂದ್ ಆಗುತ್ತೆ, ಜಿಎಸ್‌ಟಿ ಕಡ್ಡಾಯ, ಹೊಸಬರು ಸೇರಲು ಏಳು ದಿನ ಕಾಯಬೇಕು, ಅಷ್ಟರೊಳಗೆ 30 ಸಾವಿರದ ಸ್ಟಾಕ್ ಎತ್ತಿ ಮೇಲಿನ ಲೆವೆಲ್ ಮಾಡಿಕೊಳ್ಳಿ ಅಂತ ನನ್ನನ್ನು ಸೇರಿಸಿದ ಅಪ್‌ಲೈನ್ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಎತ್ತಬೇಡಿ, ತಂಗಿ.

ಆ ಏಳು ದಿನದ ಕತೆ ನಮ್ಮ ದೇಶದ್ದೇ ಅಲ್ಲ. ಅಮೆರಿಕದಲ್ಲಿ ವ್ಯಾಪಾರದ ಮೋಸ ತಡೆಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2006ರಲ್ಲಿ ಹಾಗೊಂದು ನಿಯಮದ ಕರಡು ತಂದಿತ್ತು. ಮಾರುವವರು ಗಲಾಟೆ ಮಾಡಿದರು, 2011ರಲ್ಲಿ ಅಂತಿಮ ನಿಯಮ ಬಂದಾಗ ನೆಟ್‌ವರ್ಕ್ ಮಾರ್ಕೆಟಿಂಗ್ ಅನ್ನೇ ಹೊರಗಿಟ್ಟರು. 2025ರ ಜನವರಿಯಲ್ಲಿ ಅಲ್ಲಿ ಇನ್ನೊಂದು ಪ್ರಸ್ತಾವ ಬಂತು, ಅದು ‘ಲಕ್ಷ ಲಕ್ಷ ಗಳಿಸಬಹುದು’ ಅಂತ ಸುಳ್ಳು ಆಸೆ ಹುಟ್ಟಿಸುವವರ ವಿರುದ್ಧ. ಹುಮನಾಬಾದ್‌ನ ವಾಟ್ಸಾಪ್ ಗ್ರೂಪಿಗೆ ಬರುವಷ್ಟರಲ್ಲಿ ಅಲ್ಲಿನ ಸುದ್ದಿಯೆಲ್ಲ ನಮ್ಮ ಸರ್ಕಾರದ್ದೇ ಆಗಿಬಿಡುತ್ತೆ.

ನಮ್ಮಲ್ಲಿ 2021ರ ಮಧ್ಯದಲ್ಲಿ ಕರಡು ಬಂತು, ಅದೇ ವರ್ಷ ಡಿಸೆಂಬರ್ 28ಕ್ಕೆ ಗ್ರಾಹಕ ಸಂರಕ್ಷಣೆ (ನೇರ ಮಾರಾಟ) ನಿಯಮ ಜಾರಿಯೂ ಆಯ್ತು. ನೇರ ಮಾರಾಟ ಅಂದರೆ ಅಂಗಡಿ ಇಲ್ಲದೆ ನಿಮ್ಮಂಥವರ ಮೂಲಕ ಮಾರುವುದು. ಪಾರ್ಟ್‌ಟೈಮ್‌ನವರು ಮಾರಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ. ಸೇರಲು ಶುಲ್ಕ ಕೇಳುವಂತಿಲ್ಲ, ಡೆಮೊ ಸಾಮಾನಿಗೆ ದುಡ್ಡು ಕೇಳುವಂತಿಲ್ಲ ಅಂತಿದೆ. ಇದನ್ನು ಮಾತ್ರ ನಿಮ್ಮ ಅಪ್‌ಲೈನ್ ಹೇಳಿರುವುದಿಲ್ಲ, ಅಲ್ವಾ?

ನಿಮಗೆ ತಾಗುವುದು ಬೇರೆ ಕಡೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಹೇಳದೆ ಕೇಳದೆ ಯಾರ ಮನೆಗೂ ಮಾರಲು ಹೋಗುವಂತಿಲ್ಲ. ಕಂಪನಿ ಒಪ್ಪದ ಕರಪತ್ರ ಹಂಚುವಂತಿಲ್ಲ, ಕಂಪನಿ ಹೇಳದ ಗುಣವನ್ನು ಮಾಲಿಗೆ ಹಚ್ಚುವಂತಿಲ್ಲ. ‘ಈ ಪೌಡರ್ ಕುಡಿದು ನಮ್ಮ ಅತ್ತೆಯ ಶುಗರ್ ಹೋಯ್ತು’ ಅಂತ ಸ್ಟೇಟಸ್ ಹಾಕುತ್ತಾರಲ್ಲ, ಅದಕ್ಕಂತೂ 1954ರ ಕಾನೂನೇ ಇದೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡುವುದೇ ಅಪರಾಧ. ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅಂತ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ.

ಇನ್ನು ಜಿಎಸ್‌ಟಿ. ನಿಯಮದಲ್ಲಿ ಜಿಎಸ್‌ಟಿ, ಪ್ಯಾನ್, ಲೈಸೆನ್ಸ್ ಅಂತ ಬರೆದಿದೆ, ನಿಮ್ಮನ್ನು ಹೆದರಿಸಿರುವುದು ಅದನ್ನೇ ಹಿಡಿದು. ಆದರೆ ಜಿಎಸ್‌ಟಿ ಕಾಯ್ದೆಗೆ ಅದರದೇ ಮಿತಿ ಇದೆ. ಮಾಲು ಮಾರಿ ಕಮಿಷನ್ನೂ ಪಡೆಯುವ ನಿಮ್ಮಂಥವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟು. ಮೂರು ಸಾವಿರದ ಕಮಿಷನ್ ಎಲ್ಲಿ, 20 ಲಕ್ಷ ಎಲ್ಲಿ! ಬೀದರ್‌ನವರು ಎಡವುವುದು ಗಡಿಯಲ್ಲಿ. ನೀವೇ ಕೊಂಡ ಮಾಲನ್ನು ಜಹೀರಾಬಾದ್‌ಗೋ ಉದಗೀರ್‌ಗೋ ಕೊರಿಯರ್ ಮಾಡಿ ಮಾರಿದರೆ ಅದು ಅಂತರರಾಜ್ಯ ವ್ಯಾಪಾರ, ಆಗ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಅಲ್ಲಿನ ನೆಂಟರು ನಿಮ್ಮ ಐಡಿ ಹಾಕಿ ಕಂಪನಿಯಿಂದಲೇ ತರಿಸಿಕೊಳ್ಳಲಿ, ಕಂಪನಿ ಬಿಲ್ ಅವರ ಹೆಸರಿಗೇ ಬರಲಿ.

ಈಗ ಆ 30 ಸಾವಿರಕ್ಕೆ ಬರೋಣ. ಮಾರಾಟವಾಗದ, ಮಾರಬಹುದಾದ ಸ್ಥಿತಿಯಲ್ಲಿರುವ ಮಾಲನ್ನು ಕಂಪನಿ ವಾಪಸ್ ಕೊಳ್ಳಬೇಕು ಅಂತ ನಿಯಮ ಹೇಳುತ್ತೆ. ಆದರೆ ನನ್ನ ಹತ್ತಿರ ಬರುವವರ ಗತಿ ನೋಡಿ. ಮಂಚದ ಕೆಳಗೆ ಪೌಡರ್ ಡಬ್ಬಿ, ಒಂದಿಷ್ಟರ ಸೀಲ್ ಒಡೆದಿರುತ್ತೆ, ಉಳಿದವುಗಳ ಎಕ್ಸ್‌ಪೈರಿ ಮುಂದಿನ ತಿಂಗಳು. ಬಿಲ್ ಎಲ್ಲಿ ಅಂದರೆ ಫೋನ್‌ಪೇ ಸ್ಕ್ರೀನ್‌ಶಾಟ್ ತೋರಿಸುತ್ತಾರೆ, ನೋಡಿದರೆ ದುಡ್ಡು ಹೋಗಿರುವುದು ಅಪ್‌ಲೈನ್‌ನ ಸ್ವಂತ ನಂಬರಿಗೆ. ಕಂಪನಿ ‘ನಮಗೆ ಬಂದೇ ಇಲ್ಲ’ ಅನ್ನುತ್ತೆ, ಅಲ್ಲಿಗೆ ಕೇಸು ಅರ್ಧ ಸತ್ತ ಹಾಗೆ. ಆದ್ದರಿಂದ ದುಡ್ಡು ಕಂಪನಿ ಖಾತೆಗೇ ಹೋಗಲಿ, ಬಿಲ್ ನಿಮ್ಮ ಹೆಸರಿಗಿರಲಿ, ಕಂಪನಿ ಜೊತೆಗಿನ ಕರಾರು ಪತ್ರದ ಪ್ರತಿ ಕೈಯಲ್ಲಿರಲಿ, ವಾಪಸಾತಿಗೆ ಎಷ್ಟು ದಿನ ಅಂತ ಅದರಲ್ಲೇ ಓದಿಕೊಳ್ಳಿ. ಗಿರಾಕಿ ಕೇಳಿದಷ್ಟೇ ತರಿಸಿ. ಸಂಘದಲ್ಲಿ ಸಾಲ ತೆಗೆದು ಸ್ಟಾಕ್ ಎತ್ತುವುದಾದರೆ ಆಮೇಲೆ ನನ್ನ ಹತ್ತಿರ ಬರಬೇಡಿ. ನಾನು ಸ್ವಲ್ಪ ಜಾಸ್ತಿಯೇ ಅಂಜುವವನು ಅಂತ ಜನ ನಗುತ್ತಾರೆ, ನಗಲಿ.

ಪ್ರಶ್ನೆ: ಆಳಂದ ಕಡೆ ಸರ್ಕಾರಿ ಶಿಕ್ಷಕ. ಹೆಂಡತಿ ಹೆಸರಲ್ಲಿ ಐಡಿ ಮಾಡಿ ನಾನು ಮೀಟಿಂಗ್ ಮಾಡಬಹುದಾ?

ಉತ್ತರ: ಹೆಂಡತಿಯ ವ್ಯಾಪಾರಕ್ಕೆ ನೀವು ಪ್ರಚಾರ ಮಾಡಿದರೂ ನಡತೆ ನಿಯಮದ ಉಲ್ಲಂಘನೆಯೇ, ಸರ್.

ಪ್ರಶ್ನೆ: ಯಾದಗಿರಿಯಲ್ಲಿ ಒಂದು ಸ್ಕೀಮ್ ಬಂದಿದೆ. ಮಾಲು ಏನೂ ಇಲ್ಲ, 5 ಸಾವಿರ ಕಟ್ಟಿ ಇಬ್ಬರನ್ನು ಸೇರಿಸಿದರೆ ಸಾಕು. ಸುಮ್ನೆ ಮೆಂಬರ್ ಆದರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ಇದೆ. ಹೀಗೆ ಜನ ಸೇರಿಸಿದರೆ ದುಡ್ಡು ಅನ್ನುವ ‘ಹಣ ಚಲಾವಣೆ’ ಸ್ಕೀಮ್‌ಗಳನ್ನು ನಿಷೇಧಿಸಿದ 1978ರ ಕಾಯ್ದೆ ನಡೆಸುವವನನ್ನಷ್ಟೇ ಅಲ್ಲ, ಮೆಂಬರ್ ಆಗುವವನನ್ನೂ ಹಿಡಿಯುತ್ತೆ. ಮೂರು ವರ್ಷದವರೆಗೆ ಜೈಲು.

ಪ್ರಶ್ನೆ: ಕಂಪನಿ ಸರ್ಕಾರದಲ್ಲಿ ರಿಜಿಸ್ಟರ್ ಆಗಿದೆ, ಸರ್ಟಿಫಿಕೇಟ್ ತೋರಿಸಿದರು. ನಂಬಬಹುದಾ?

ಉತ್ತರ: ಮುಳುಗಿದ ಕಂಪನಿಗಳೂ ರಿಜಿಸ್ಟರ್ ಆಗಿದ್ದವೇ. ಅನುಮಾನ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅದೂ ದುಡ್ಡು ಕಟ್ಟುವ ಮೊದಲು.