ಒಂದೇ ಗ್ರೀಕ್ ಪದ, ಎರಡು ಭಾಷೆ?

ಮನೆಯಲ್ಲಿ ಎರಡು ಬೈಬಲ್ ಓದುವ ನೀವು ಕೇಳಿದ್ದೀರಿ: ಯೋಹಾನ 19:17ರಲ್ಲಿ ಯೇಸುವನ್ನು ಶಿಲುಬೆಗೇರಿಸಿದ ಜಾಗವಾದ ಗೊಲ್ಗೊಥಾ ಎಂಬುದು ಕನ್ನಡ ಬೈಬಲ್ಲಿನ ಪ್ರಕಾರ ಇಬ್ರಿಯ (ಹೀಬ್ರೂ) ಹೆಸರು, ಇಂಗ್ಲಿಷಿನ ಎನ್‌ಐವಿ (ನ್ಯೂ ಇಂಟರ್‌ನ್ಯಾಷನಲ್ ವರ್ಷನ್) ಅನುವಾದದ ಪ್ರಕಾರ ಅದರ ಹತ್ತಿರದ ಇನ್ನೊಂದು ಭಾಷೆಯಾದ ಅರಾಮಿಯದ ಹೆಸರು. ಯಾವುದು ಸರಿ?

ಗ್ರೀಕ್ ಮೂಲದಲ್ಲಿರುವ ಪದ 'ಹೆಬ್ರಾಯಿಸ್ತಿ'. ನೇರ ಅರ್ಥ 'ಇಬ್ರಿಯದಲ್ಲಿ', ಅಷ್ಟೇ. ಯೋಹಾನನ ಸುವಾರ್ತೆಯಲ್ಲಿ ಐದು ಸಲ, ಪ್ರಕಟನೆಯಲ್ಲಿ ಎರಡು ಸಲ ಬರುತ್ತದೆ. ಎನ್‌ಐವಿ ಇದೇ ಪದವನ್ನು ಯೋಹಾನನಲ್ಲಿ ಅರಾಮಿಯ ಎಂದೂ ಪ್ರಕಟನೆ 9:11ರಲ್ಲಿ ಇಬ್ರಿಯ ಎಂದೂ ಅನುವಾದಿಸಿದೆ. ನನಗೆ ಇದು ಒಪ್ಪಿಗೆಯಿಲ್ಲ.

ಎನ್‌ಐವಿಯ ಅನುವಾದಕರೇನೂ ಸುಮ್ನೆ ಹಾಗೆ ಮಾಡಿದ್ದಲ್ಲ. ಗೊಲ್ಗೊಥಾ, ಗಬ್ಬಥಾ (ಪಿಲಾತ ನ್ಯಾಯಪೀಠದಲ್ಲಿ ಕೂತ ಜಾಗ) ಎಂಬ ಹೆಸರುಗಳ ಕೊನೆ ಅರಾಮಿಯದ ರೀತಿಯದು. ಆ ಕಾಲದ ಯೂದಾಯದಲ್ಲಿ ಅರಾಮಿಯ ಜಾಸ್ತಿ ಓಡಾಡುತ್ತಿದ್ದದ್ದೂ ನಿಜ. ಹಾಗಾಗಿ 'ಇಬ್ರಿಯರು ಆಡುವ ಮಾತು' ಎಂದರೆ ಅರಾಮಿಯವೇ ಎಂದು ಬಹಳ ವಿದ್ವಾಂಸರು ನಂಬಿದರು.

ಆದರೆ ಊರಿನ ಹೆಸರುಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದು ಉಳಿದುಬಿಡುತ್ತವೆ. ನಾವು 'ಸ್ಟೇಷನ್ನಿಗೆ ಹೋಗಿ ಬಂದೆ' ಎಂದರೆ ಆಡಿದ್ದು ಕನ್ನಡವೇ ಅಲ್ವಾ? ಇನ್ನೂ ಮುಖ್ಯ, ಅರಾಮಿಯಕ್ಕೆ ಗ್ರೀಕಿನಲ್ಲಿ ಬೇರೆಯೇ ಪದವಿತ್ತು: 'ಸೂರಿಸ್ತಿ'. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ, 2 ಅರಸು 18:26ರಲ್ಲಿ, ಯೆಹೂದದ ಅರಸ ಹಿಜ್ಕೀಯನ ಅಧಿಕಾರಿಗಳು ಅಶ್ಶೂರದ ದೂತನನ್ನು ಬೇಡಿಕೊಳ್ಳುತ್ತಾರೆ: ಸೂರಿಸ್ತಿಯಲ್ಲಿ ಮಾತಾಡು, ಗೋಡೆಯ ಮೇಲಿನ ಜನರಿಗೆ ಕೇಳುವಂತೆ ನಮ್ಮ ಭಾಷೆಯಲ್ಲಿ ಬೇಡ. ಎರಡೂ ಬೇರೆ ಎಂದು ಗ್ರೀಕ್ ಓದುಗರಿಗೆ ಗೊತ್ತಿತ್ತು.

ಯೇಸುವಿನ ಕಾಲಕ್ಕೆ ಇಬ್ರಿಯ ಆಗಲೇ ಸತ್ತಿತ್ತು ಎಂದು ಕೆಲವರು ಹೇಳುವ ಮಾತೂ ಈಗ ನಿಲ್ಲುವುದಿಲ್ಲ. 1947ರಿಂದ ಮೃತ ಸಮುದ್ರದ ಬಳಿ ಸಿಕ್ಕ ಸುರುಳಿಗಳಲ್ಲಿ ಹೆಚ್ಚಿನವು ಇಬ್ರಿಯದವು. ಕ್ರಿ.ಶ. 132ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದ ಬಾರ್ ಕೊಖ್ಬನ ಕಡೆಯ ಪತ್ರಗಳು ಅರಾಮಿಯದಲ್ಲೂ ಇವೆ, ಇಬ್ರಿಯದಲ್ಲೂ ಇವೆ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅಪೊಸ್ತಲರ ಕೃತ್ಯಗಳು 21ಕ್ಕೆ. ಯೆರೂಸಲೇಮಿನಲ್ಲಿ ಜನ ಪೌಲನನ್ನು ಕೊಲ್ಲಲು ನುಗ್ಗಿದ್ದಾರೆ. ಸೈನಿಕರು ಅವನನ್ನು ಹೊತ್ತು ತಂದಿದ್ದಾರೆ. ಅವನು ರೋಮನ್ ಸೈನ್ಯದ ಸಹಸ್ರಾಧಿಪತಿಯ ಜೊತೆ ಗ್ರೀಕಿನಲ್ಲಿ ಮಾತಾಡುತ್ತಾನೆ. ಆ ಅಧಿಕಾರಿಗೆ ಆಶ್ಚರ್ಯ, 'ನಿನಗೆ ಗ್ರೀಕ್ ಬರುತ್ತಾ?' ಮರುಗಳಿಗೆಯಲ್ಲೇ ಪೌಲ ಮೆಟ್ಟಿಲ ಮೇಲೆ ನಿಂತು ಜನರ ಕಡೆ ತಿರುಗುತ್ತಾನೆ, 'ಹೆಬ್ರಾಯಿಸ್' (ಹೆಬ್ರಾಯಿಸ್ತಿಯ ಜೊತೆಯ ಪದ) ನುಡಿಯಲ್ಲಿ ಮಾತು ಶುರು ಮಾಡುತ್ತಾನೆ. ಕೂಗಾಡುತ್ತಿದ್ದವರು ಆ ನುಡಿ ಕೇಳಿ ಇನ್ನೂ ಸುಮ್ಮನಾದರು ಎಂದು ಆ ಪುಸ್ತಕದ ಲೇಖಕ ಲೂಕ ಬರೆಯುತ್ತಾನೆ.

ನಿಮ್ಮ ಕನ್ನಡ ಬೈಬಲ್ಲಿನ 'ಇಬ್ರಿಯ'ವನ್ನು ಹಾಗೇ ಓದಿ. ಅರಾಮಿಯದ ವಿಷಯ ಅಡಿಟಿಪ್ಪಣಿಯಲ್ಲಿ ಬರಲಿ. ಎನ್‌ಐವಿಯಲ್ಲೂ ಕೃತ್ಯಗಳು 21:40ರ ಕೆಳಗೆ ಒಂದು ಟಿಪ್ಪಣಿ ಇದೆ ನೋಡಿ: ಪೌಲ ಆಡಿದ್ದು ಇಬ್ರಿಯವೂ ಆಗಿರಬಹುದು ಎಂದು.